ಮೈಬಣ್ಣಕ್ಕೆ ಇಟ್ಟ ಹೆಸರುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡುವವರಿಗೆ ಬಣ್ಣದ ಪ್ರಶ್ನೆಗಳು ತಪ್ಪಿದ್ದಲ್ಲ. ಅದರಲ್ಲೂ ಮೈಬಣ್ಣದ ವಿಷಯ ಬಂದರೆ ಮುಗಿಯುವುದೇ ಇಲ್ಲ. ಕ್ಲಾಸಿನಲ್ಲಿ ಮಕ್ಕಳು ಒಂದು ಕೇಳುತ್ತಾರೆ, ಗೇಟಿನ ಹತ್ತಿರ ಅಮ್ಮಂದಿರು ಇನ್ನೊಂದು ಕೇಳುತ್ತಾರೆ, ರಾತ್ರಿ ವಾಟ್ಸಾಪಿನಲ್ಲಿ ಯಾರದ್ದೋ ಅಜ್ಜಿ ಮತ್ತೊಂದು. ಉತ್ತರಗಳನ್ನೆಲ್ಲ ಒಂದೇ ಕಡೆ ಬರೆದಿಟ್ಟಿದ್ದೇನೆ. ಮೊದಲಿಂದ ಓದಬೇಕು ಅಂತೇನಿಲ್ಲ, ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

ಬಣ್ಣದ ಡಬ್ಬಿಯಲ್ಲಿ ‘ಸ್ಕಿನ್’ ಅಂತ ಒಂದು ಕಡ್ಡಿ ಇರುತ್ತದಲ್ಲ, ಅದು ಯಾರ ಸ್ಕಿನ್?

ನಮ್ಮೂರಲ್ಲಿ ಯಾರದ್ದೂ ಅಲ್ಲ. ತಿಳಿ ಕಿತ್ತಳೆಗೆ ಜಾಸ್ತಿ ಬಿಳಿ, ಚೂರು ಗುಲಾಬಿ ಬೆರೆಸಿದರೆ ಆ ಬಣ್ಣ ಬರುತ್ತದೆ.

ಕ್ಲಾಸಿನಲ್ಲಿ ಇದಕ್ಕೆ ಒಂದು ಪರೀಕ್ಷೆ ಮಾಡಿಸುತ್ತೇನೆ. ಆ ಕಡ್ಡಿಯನ್ನು ಬಿಳಿ ಹಾಳೆಯ ಮೇಲೆ ದಪ್ಪಗೆ ತೀಡಿ, ಆ ಭಾಗವನ್ನು ಕತ್ತರಿಸಿ, ಒಬ್ಬೊಬ್ಬರೂ ಮುಂಗೈ ಮೇಲೆ ಇಟ್ಟು ನೋಡಬೇಕು. ಒಂದು ಕೈಗೂ ಹೊಂದುವುದಿಲ್ಲ. ಅಂಗೈಗೆ ಇಟ್ಟರೆ ಕೆಲವರದ್ದು ಸ್ವಲ್ಪ ಹತ್ತಿರ ಬರುತ್ತದೆ, ಅಷ್ಟೆ. ಅಷ್ಟರಲ್ಲಿ ಒಂದು ಮಗು ಆ ಚೂರನ್ನು ಗೋಡೆಗೆ ಹಿಡಿದು, ‘ಮಿಸ್, ಇದು ಗೋಡೆ ಕಲರ್!’ ಅನ್ನುತ್ತದೆ. ಸರಿಯಾಗಿ ಹೊಂದುತ್ತದೆ ಕೂಡ.

ಹಾಗಿದ್ದೂ ಮುಂದಿನ ವಾರ ‘ನನ್ನ ಮನೆಯವರು’ ಅಂತ ಚಿತ್ರ ಬರೆಯಲು ಕೊಟ್ಟರೆ ಎಲ್ಲರ ಕೈಯೂ ಅದೇ ಕಡ್ಡಿಗೆ ಹೋಗುತ್ತದೆ. ಕೃಷ್ಣನನ್ನು ಬರೆಯುವಾಗ ನೀಲಿ ಬೇಕು ಅಂತ ಗೊತ್ತು. ಅಪ್ಪನಿಗೆ ಮಾತ್ರ ‘ಸ್ಕಿನ್’ ಬೇಕು. ಕಡ್ಡಿಯ ಮೇಲೆ ಬರೆದಿದೆಯಲ್ಲ, ಮಕ್ಕಳು ನಂಬುತ್ತಾರೆ.

ಈ ಹೆಸರು ಶುರುವಾದದ್ದು ಎಲ್ಲಿ?

ಯುರೋಪಿನ ಚಿತ್ರಕಾರರು ತಮ್ಮ ಸುತ್ತಲಿನವರನ್ನು ನೋಡಿ ಗುಲಾಬಿ ಮಿಶ್ರಣವೊಂದನ್ನು ‘ಫ್ಲೆಶ್’ ಅಂತ ಕರೆದುಕೊಂಡರು. ಫ್ಲೆಶ್ ಅಂದರೆ ಮಾಂಸ, ಮೈ. ಎಣ್ಣೆಬಣ್ಣದ ಟ್ಯೂಬಿನ ಮೇಲೂ ಅದೇ ಹೆಸರು ಬಂತು. ಬ್ರಿಟನ್ನಿನ ಬಣ್ಣದ ಕಂಪನಿ ವಿನ್ಸರ್ ಆ್ಯಂಡ್ ನ್ಯೂಟನ್‌ನ ‘ಫ್ಲೆಶ್ ಟಿಂಟ್’ ಈಗ ‘ಪೇಲ್ ರೋಸ್ ಬ್ಲಷ್’ ಅನ್ನುವ ಹೆಸರಿನಲ್ಲಿ ಸಿಗುತ್ತದೆ.

ಮಕ್ಕಳ ಕ್ರೇಯಾನ್‌ಗಳ ಕತೆ ಚೆನ್ನಾಗಿ ಗೊತ್ತಿರುವುದು ಅಮೆರಿಕದ ಕ್ರೇಯೋಲಾ ಕಂಪನಿಯದ್ದು. 1903ರಲ್ಲಿ ಅವರ ಕ್ರೇಯಾನ್ ಮಾರುಕಟ್ಟೆಗೆ ಬಂದಾಗಿನಿಂದಲೇ ‘ಫ್ಲೆಶ್ ಟಿಂಟ್’ ಇತ್ತು. 1949ರಲ್ಲಿ ಅದು ಬರೀ ‘ಫ್ಲೆಶ್’ ಆಯಿತು. 1956ರಲ್ಲಿ ‘ಪಿಂಕ್ ಬೀಜ್’ ಅಂತ ಬದಲಿಸಿದರು. ಎರಡೇ ವರ್ಷಕ್ಕೆ ಮತ್ತೆ ‘ಫ್ಲೆಶ್’ಗೆ ವಾಪಸ್. 1962ರಲ್ಲಿ ‘ಪೀಚ್’ ಅಂತ ಮಾಡಿದರು, ಅದು ಇವತ್ತಿಗೂ ಉಳಿದಿದೆ. ಅಮೆರಿಕದಲ್ಲಿ ಕಪ್ಪು ಜನರ ನಾಗರಿಕ ಹಕ್ಕುಗಳ ಚಳವಳಿ ಜೋರಾಗಿದ್ದ ಕಾಲ ಅದು. ಮೇಣ ಅದೇ, ಸುತ್ತಿದ ಕಾಗದ ಬೇರೆ.

ಹೆಸರು ಬದಲಾಯಿಸಿದ ಮೇಲೆ ಏನಾಯಿತು?

ಅಷ್ಟೇನೂ ಆಗಲಿಲ್ಲ. ಮಕ್ಕಳು ಪೀಚನ್ನೇ ಮೈಗೆ ಹಚ್ಚುತ್ತಿದ್ದರು. ಹೆಸರು ಹೋಯಿತು, ಅಭ್ಯಾಸ ಉಳಿಯಿತು.

ಕ್ರೇಯೋಲಾ ಮೈಬಣ್ಣಗಳಿಗೆಂದೇ ಬೇರೆ ಡಬ್ಬಿ ತಂದದ್ದು 1992ರಲ್ಲಿ. ಒಟ್ಟು ಎಂಟು ಕಡ್ಡಿ. ಅದರಲ್ಲಿ ಕಪ್ಪು, ಬಿಳಿ ಬಿಟ್ಟರೆ ಆರು: ಏಪ್ರಿಕಾಟ್, ಬರ್ನ್ಟ್ ಸಿಯೆನಾ, ಮಹಾಗನಿ, ಪೀಚ್, ಸೀಪಿಯಾ, ಟ್ಯಾನ್. ಹೆಚ್ಚಿನವು ಮೊದಲೇ ದೊಡ್ಡ ಡಬ್ಬಿಯಲ್ಲಿದ್ದ ಬಣ್ಣಗಳೇ. 2020ರಲ್ಲಿ 24 ಬಣ್ಣಗಳ ‘ಕಲರ್ಸ್ ಆಫ್ ದಿ ವರ್ಲ್ಡ್’ ಬಂತು. ಅದರ ಹೆಸರುಗಳು ಬಾದಾಮಿ, ಚಿನ್ನ, ಗುಲಾಬಿ ಅನ್ನುವ ಮೂರು ಛಾಯೆಗಳ ಮೇಲೆ ನಿಂತಿವೆ. ಒಂದೊಂದರಲ್ಲೂ ತುಂಬ ತಿಳಿಯಿಂದ ತುಂಬ ಗಾಢದವರೆಗೆ ಮೆಟ್ಟಿಲುಗಳು. ಹೆಸರು ಸರಿಮಾಡಲು 1962, ಡಬ್ಬಿ ಸರಿಮಾಡಲು 2020. ಎರಡನೆಯದಕ್ಕೆ ಅಷ್ಟು ಹೊತ್ತು ಹಿಡಿಯಿತು ನೋಡಿ.

‘ಇಂಡಿಯನ್ ರೆಡ್’ ಅನ್ನುವುದು ನಮ್ಮ ಮೈಬಣ್ಣವೇ?

ಅಲ್ಲ. ಅದು ಮಣ್ಣಿನ ಬಣ್ಣ. ಕಬ್ಬಿಣದ ಅಂಶ ಇರುವ ಕೆಂಪು ಮಣ್ಣಿನಿಂದ ತೆಗೆಯುವ ಬಣ್ಣದ ಪುಡಿ ಭಾರತದ ಕಡೆಯಿಂದ ಹೋಗುತ್ತಿದ್ದುದರಿಂದ ಚಿತ್ರಕಾರರು ಹಾಗೆ ಕರೆದರು. ನಮ್ಮ ಮನೆ ಅಂಗಳದ ಕೆಮ್ಮಣ್ಣಿನ ನೆಂಟ ಅನ್ನಬಹುದು.

ಕ್ರೇಯೋಲಾದಲ್ಲೂ ಈ ಹೆಸರಿನ ಕಡ್ಡಿ ಇತ್ತು. ಅಮೆರಿಕದ ಮಕ್ಕಳಿಗೆ ‘ಇಂಡಿಯನ್’ ಅಂದರೆ ಅಲ್ಲಿನ ಮೂಲನಿವಾಸಿಗಳು. ಅವರ ಮೈಬಣ್ಣಕ್ಕೇ ಈ ಹೆಸರು ಅಂತ ಮಕ್ಕಳು ತಿಳಿದುಕೊಳ್ಳುತ್ತಿದ್ದಾರೆ ಎಂದು ಶಿಕ್ಷಕರು ದೂರಿದರು. ಕಂಪನಿ ಹೊಸ ಹೆಸರು ಸೂಚಿಸಿ ಅಂತ ಜನರನ್ನೇ ಕೇಳಿತು. 1999ರಲ್ಲಿ ಅದು ‘ಚೆಸ್ಟ್‌ನಟ್’ ಆಯಿತು. ಕಲಾವಿದರ ಟ್ಯೂಬುಗಳಲ್ಲಿ ‘ಇಂಡಿಯನ್ ರೆಡ್’ ಈಗಲೂ ಇದೆ. ಅದಕ್ಕೆ ನನ್ನ ತಕರಾರಿಲ್ಲ. ಅದು ಮಣ್ಣಿನ ಹೆಸರು, ಜನರದ್ದಲ್ಲ.

ಬೇರೆ ದೇಶಗಳಲ್ಲೂ ಹೀಗೇನಾ?

ಜಪಾನಿನಲ್ಲಿ ಆ ಕಡ್ಡಿಗೆ ‘ಹಾದಾ ಇರೋ’ ಅನ್ನುತ್ತಿದ್ದರು. ಅದರ ಅರ್ಥವೂ ಚರ್ಮದ ಬಣ್ಣ ಅಂತಲೇ. 2000ದ ಸುಮಾರಿಗೆ ಅಲ್ಲಿನ ಕ್ರೇಯಾನ್ ಕಂಪನಿಗಳು ಅದನ್ನು ಕೈಬಿಟ್ಟು ‘ತಿಳಿ ಕಿತ್ತಳೆ’ ಅನ್ನುವ ಅರ್ಥದ ಹೆಸರಿಗೆ ಬಂದವು. ದೊಡ್ಡವರ ಬಾಯಲ್ಲಿ ಹಳೆಯ ಹೆಸರು ಇನ್ನೂ ಇದೆ.

ಕೊರಿಯಾದ ಕತೆ ನನಗೆ ಜಾಸ್ತಿ ಇಷ್ಟ. ಅಲ್ಲಿ ಅದು ‘ಸಾಲ್ ಸೆಕ್’, ಮೈಬಣ್ಣ. 2001ರಲ್ಲಿ ಅಲ್ಲಿ ಕೆಲಸಕ್ಕೆ ಬಂದಿದ್ದ ಆಫ್ರಿಕಾದವರೂ ಸೇರಿ ಕೆಲವರು ರಾಷ್ಟ್ರೀಯ ಮಾನವ ಹಕ್ಕು ಆಯೋಗಕ್ಕೆ ದೂರು ಕೊಟ್ಟರು. ‘ಇದೇ ಮೈಬಣ್ಣ ಅಂದರೆ ನಮ್ಮದು ಏನು?’ ಅನ್ನುವುದು ದೂರಿನ ಸಾರ. 2002ರಲ್ಲಿ ಆಯೋಗ ಹೆಸರು ಬದಲಿಸಿ ಅಂದಿತು. ಹೊಸ ಹೆಸರು ‘ಯೋನ್ ಜುಹ್ವಾಂಗ್’, ಅಂದರೆ ತಿಳಿ ಕಿತ್ತಳೆ. ಆದರೆ ಅದು ಚೀನೀ ಮೂಲದ ಪಂಡಿತ ಪದ. ನಾವು ಮಕ್ಕಳ ಡಬ್ಬಿಯ ಮೇಲೆ ‘ಪಾಟಲವರ್ಣ’ ಅಂತ ಬರೆದಿಟ್ಟಂತೆ. 2004ರಲ್ಲಿ ಮಕ್ಕಳೇ ಅದೇ ಆಯೋಗಕ್ಕೆ ಹೋದರು. ನಮಗೆ ಅರ್ಥವಾಗದ ಪದವನ್ನು ನಮ್ಮ ಬಣ್ಣಕ್ಕೆ ಇಡುವುದೂ ತಾರತಮ್ಯವೇ ಅಂತ ವಾದ. 2005ರಲ್ಲಿ ಅದು ‘ಸಾಲ್ಗು ಸೆಕ್’ ಆಯಿತು. ಸಾಲ್ಗು ಅಂದರೆ ಏಪ್ರಿಕಾಟ್ ಹಣ್ಣು. ಗೆದ್ದವರು ಮಕ್ಕಳು.

ನಮ್ಮ ದೇಶದಲ್ಲಿ ಯಾರೂ ಕೇಳಲಿಲ್ವಾ?

ಕೇಳಿದ್ದಾರೆ, ಅದೂ ಬೆಂಗಳೂರಿನಿಂದಲೇ. 2010ರ ದಶಕದಲ್ಲಿ ಇಲ್ಲಿನ ಕಾನೂನು ವಿದ್ಯಾರ್ಥಿಯೊಬ್ಬರು ಪೀಚ್ ಬಣ್ಣದ ಕಡ್ಡಿಗೆ ‘ಸ್ಕಿನ್’ ಅಂತ ಹೆಸರಿಟ್ಟದ್ದಕ್ಕೆ ಕ್ರೇಯಾನ್ ಕಂಪನಿಯೊಂದರ ಮೇಲೆ ಗ್ರಾಹಕರ ವೇದಿಕೆಯಲ್ಲಿ ದೂರು ಹಾಕಿದರು. ಪೇಪರಿನಲ್ಲೆಲ್ಲ ಬಂತು. ಈಗ ಕೆಲವು ಡಬ್ಬಿಗಳಲ್ಲಿ ‘ಪೀಚ್’ ಅಂತ ಕಾಣುತ್ತದೆ. ಬಟ್ಟೆ ಅಂಗಡಿಯಲ್ಲಿ ಮಾತ್ರ ‘ಸ್ಕಿನ್ ಕಲರ್ ಲೆಗ್ಗಿಂಗ್ಸ್ ಕೊಡಿ’ ಅಂದರೆ ತಕ್ಷಣ ಬಿಸ್ಕತ್ ಬಣ್ಣದ್ದನ್ನು ತೆಗೆದು ಹರಡುತ್ತಾರೆ.

ಇಂಗ್ಲಿಷ್ ಹೆಸರು ಬರುವ ಮೊದಲು ಕನ್ನಡದಲ್ಲಿ ಮೈಬಣ್ಣಕ್ಕೆ ಏನನ್ನುತ್ತಿದ್ದರು?

ಬೇಕಾದಷ್ಟು ಪದಗಳಿದ್ದವು, ಇವತ್ತಿಗೂ ಇವೆ. ಕೆಂಪು, ಬಿಳಿ, ಗೋಧಿ, ಎಣ್ಣೆಗೆಂಪು, ಎಣ್ಣೆಗಪ್ಪು, ಸಾದಗಪ್ಪು, ಕಪ್ಪು. ಪುಸ್ತಕದ ಭಾಷೆಯಲ್ಲಿ ಗೌರವರ್ಣ, ಶ್ಯಾಮಲ.

ಹೊರಗಿನವರಿಗೆ ವಿಚಿತ್ರ ಅನಿಸುವುದು ‘ಕೆಂಪು’. ಹಳೇ ಮೈಸೂರಿನ ಕಡೆ ‘ಮಗು ಕೆಂಪಗೆ ಗುಂಡಗಿದೆ’ ಅಂದರೆ ಬೆಳ್ಳಗಿದೆ ಅಂತ ಅರ್ಥ. ಸುಮ್ನೆ ಬಿಳಿ ಅಂದರೆ ನಮ್ಮವರಿಗೆ ಅಷ್ಟು ಹಿಡಿಸುತ್ತಿರಲಿಲ್ಲ. ‘ಯಾಕೆ ಹೀಗೆ ಬಿಳಿಚಿಕೊಂಡಿದ್ದೀಯ?’ ಅಂತ ಕೇಳುವುದು ಜ್ವರ ಬಂದವರನ್ನು, ರಕ್ತ ಕಮ್ಮಿ ಇರುವವರನ್ನು. ಮೈಯಲ್ಲಿ ರಕ್ತ ಕಾಣಬೇಕು, ಆಗ ಅದು ಕೆಂಪು. ಎಣ್ಣೆಗೆಂಪು, ಎಣ್ಣೆಗಪ್ಪುಗಳಲ್ಲಿ ಹೊಳಪೂ ಲೆಕ್ಕಕ್ಕೆ ಬರುತ್ತದೆ. ಬಿಸಿಲಿನಲ್ಲಿ ನಿಂತಾಗ ಎಣ್ಣೆ ಸವರಿದ ಹಾಗೆ ಮಿಂಚುವ ಮೈ. ಸಾದಗಪ್ಪು ಅಂದರೆ ತೀರ ಗಾಢವಲ್ಲದ, ಹೊಳಪೂ ಜಾಸ್ತಿ ಇಲ್ಲದ ಮೆತ್ತನೆಯ ಕಪ್ಪು.

ಅಂದರೆ ಎಷ್ಟು ಬೆಳ್ಳಗೆ, ಎಷ್ಟು ಕಪ್ಪಗೆ ಅಂತ ಮಾತ್ರ ನೋಡದೆ ಒಳಗಿನ ಛಾಯೆ ಯಾವುದು, ಹೊಳಪು ಎಷ್ಟು ಅಂತಲೂ ನೋಡುತ್ತಿದ್ದರು. ಇವತ್ತು ಮೇಕಪ್ ಅಂಗಡಿಯಲ್ಲಿ ‘ಅಂಡರ್‌ಟೋನ್’ ಅಂತ ಹೇಳಿ ಮಾರುವುದು ಹೆಚ್ಚುಕಮ್ಮಿ ಇದನ್ನೇ.

ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಇನ್ನೊಂದು ಪದ್ಧತಿ. ಹಳೆಯ ವೇಷಧಾರಿಗಳು ಮುಖಕ್ಕೆ ಸಫೇತು, ಅರದಾಳ, ಇಂಗಳೀಕ, ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ಹಚ್ಚಿಕೊಳ್ಳುತ್ತಿದ್ದರು. ಬಿಳಿ, ಹಳದಿ, ಕೆಂಪು, ಕಪ್ಪು. ಇವೆಲ್ಲ ವಸ್ತುಗಳ ಹೆಸರು. ಯಾವ ಪಾತ್ರದ ಮುಖಕ್ಕೆ ಯಾವುದು ಅನ್ನುವುದಕ್ಕೆ ಸಂಪ್ರದಾಯವಿದೆ, ಕಲಸುವ ಹದ ವೇಷಧಾರಿಯ ಕೈಯಲ್ಲಿ.

ಗೋಧಿ ಬಣ್ಣ ಅಂದರೆ ನಿಜಕ್ಕೂ ಯಾವುದು?

ಇದಕ್ಕೆ ಉತ್ತರ ಯಾರನ್ನು ಕೇಳುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ.

ಪೇಪರಿನಲ್ಲಿ ಬರುವ ಪೊಲೀಸ್ ಪ್ರಕಟಣೆ ನೋಡಿ. ‘ಕಾಣೆಯಾದವರ ಚಹರೆ: 5.4 ಅಡಿ ಎತ್ತರ, ಗೋಧಿ ಮೈಬಣ್ಣ, ಕೋಲು ಮುಖ, ಸಾಧಾರಣ ಮೈಕಟ್ಟು.’ ಈ ಧಾಟಿ ನಮಗೆ ಎಷ್ಟು ಬಾಯಿಪಾಠ ಅಂದರೆ 2016ರಲ್ಲಿ ಒಂದು ಕನ್ನಡ ಸಿನಿಮಾದ ಹೆಸರೇ ಇದರಿಂದ ಬಂತು. ಇಲ್ಲಿ ಗೋಧಿ ಅನ್ನುವುದು ಗುರುತು. ಎಣ್ಣೆಗೆಂಪೂ, ಸಾದಗಪ್ಪೂ ಗುರುತೇ. ಕಾಣೆಯಾದ ಮಗನ ಬಣ್ಣವನ್ನು ಠಾಣೆಯಲ್ಲಿ ಬರೆಸುವಾಗ ಯಾರೂ ಹೆಚ್ಚು ಮಾಡಿ ಹೇಳುವುದಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದರೆ ತಾನೇ ಸಿಗುವುದು?

ಅದೇ ಮಗನ ಬಯೋಡೇಟಾ ಮದುವೆ ಬ್ರೋಕರ್ ಕೈಗೆ ಹೋದಾಗ ‘ಗೋಧಿ’ ಬೇರೆಯೇ ಕೆಲಸ ಮಾಡುತ್ತದೆ. ಸ್ವಲ್ಪ ಕಪ್ಪಗಿದ್ದವರು ಗೋಧಿಗೆ ಏರುತ್ತಾರೆ. ಗೋಧಿ ಇದ್ದವರು ‘ಬೆಳ್ಳಗೆ’ ಆಗುತ್ತಾರೆ. ಬೆಳ್ಳಗಿದ್ದವರು ‘ವೆರಿ ಫೇರ್’. ಎಲ್ಲರಿಗೂ ಒಂದೊಂದು ಮೆಟ್ಟಿಲು ಬಡ್ತಿ. ಹೆಣ್ಣುಮಕ್ಕಳ ಬಯೋಡೇಟಾದಲ್ಲಿ ಕೆಲವೊಮ್ಮೆ ಎರಡು ಮೆಟ್ಟಿಲು.

ಒಂದು ತಮಾಷೆ ಏನೆಂದರೆ, ಹಳೇ ಮೈಸೂರಿನವರು ತಿನ್ನುವುದು ರಾಗಿ, ಬಡಗಣದವರು ಜೋಳ, ಕರಾವಳಿಯವರು ಅಕ್ಕಿ. ಮೈಬಣ್ಣಕ್ಕೆ ಬಂದಾಗ ಮಾತ್ರ ಎಲ್ಲರಿಗೂ ಗೋಧಿಯೇ ಬೇಕು. ರಾಗಿ ಬಣ್ಣದ ವರ ಬೇಕು ಅಂತ ಜಾಹೀರಾತು ಕೊಟ್ಟವರನ್ನು ನಾನಂತೂ ನೋಡಿಲ್ಲ.

‘ಕಲರ್ ಕಮ್ಮಿ’ ಅಂದರೆ ಏನು?

ಕಪ್ಪು ಅಂತ. ‘ಹುಡುಗಿ ಚೆನ್ನಾಗಿದ್ದಾಳೆ, ಕಲರ್ ಸ್ವಲ್ಪ ಕಮ್ಮಿ.’ ‘ಬೆಂಗಳೂರಿಗೆ ಹೋದ ಮೇಲೆ ಒಳ್ಳೆ ಕಲರ್ ಬಂದಿದ್ದೀಯ.’ ಇಲ್ಲಿ ಬಣ್ಣ ಅಂದರೇನೇ ಬಿಳುಪು. ಪೇಂಟ್ ಮಾಡುವವಳಾಗಿ ನನಗೆ ಇದು ತಲೆಕೆಳಗಾಗಿ ಕೇಳುತ್ತದೆ. ಗಾಢವಾದ ಮೈಯಲ್ಲಿ ಬಣ್ಣ ಜಾಸ್ತಿ ಇರುತ್ತದೆ, ಕಮ್ಮಿ ಅಲ್ಲ. ಬಿಳಿ ಹಾಳೆಯನ್ನು ಯಾರೂ ‘ತುಂಬ ಕಲರ್ ಇದೆ’ ಅನ್ನುವುದಿಲ್ಲ ಅಲ್ವಾ?

ಕರಿಯಪ್ಪ, ಕೆಂಪಮ್ಮ, ಕೆಂಚಪ್ಪ: ಇವೆಲ್ಲ ಮೈಬಣ್ಣ ನೋಡಿ ಇಟ್ಟ ಹೆಸರುಗಳಾ?

ಕೆಲವು ಇರಬಹುದು. ಹೆಚ್ಚಿನವು ಮನೆದೇವರ ಹೆಸರು. ಕರಿಯಮ್ಮ, ಕೆಂಪಮ್ಮ, ಕೆಂಚಮ್ಮ ಎಲ್ಲ ಊರ ದೇವತೆಗಳು. ಕರಿಬಸವೇಶ್ವರನ ಒಕ್ಕಲಿನವರು ಮಗುವಿಗೆ ಕರಿಬಸಪ್ಪ ಅಂತ ಇಟ್ಟರೆ ಮಗು ಕಪ್ಪಗಿದೆ ಅಂತಲ್ಲ. ಬೆಂಗಳೂರು ಕಟ್ಟಿದ ಕೆಂಪೇಗೌಡರ ಹೆಸರಿನಲ್ಲೂ, ಮೈಸೂರಿನ ರಾಣಿ ಕೆಂಪನಂಜಮ್ಮಣ್ಣಿಯವರ ಹೆಸರಿನಲ್ಲೂ ‘ಕೆಂಪು’ ಇದೆ. 

ಒಂದು ಕಾಲಕ್ಕೆ ಕರಿಯ, ಕೆಂಚ, ಬಿಳಿಯ ಅನ್ನುವುದು ಮನುಷ್ಯರಿಗೂ ಎತ್ತಿಗೂ ನಾಯಿಗೂ ಸಲೀಸಾಗಿ ಇಡುತ್ತಿದ್ದ ಹೆಸರು. ಈಗ ಶಾಲೆ ದಾಖಲಾತಿಯಲ್ಲಿ ‘ಕರಿಯಪ್ಪ’ ಕಾಣುವುದೇ ಅಪರೂಪ. ದೇವರು ಬದಲಾಗಿಲ್ಲ. ಅದೇ ಮನೆಯಲ್ಲಿ ಮೊಮ್ಮಗನ ಹೆಸರು ಕಿರಣ್ ಅಂತಲೋ ಕುಶಾಲ್ ಅಂತಲೋ ಆಗಿದೆ. ‘ಕರಿಯ’ ಈಗ ಬರೀ ಬೈಗುಳವಾಗಿ, ಗೆಳೆಯರ ಕೀಟಲೆಯಾಗಿ ಉಳಿದಿದೆ. ಕೀಟಲೆ ಅಂತ ಹೇಳುವವರು ಕರೆಯುವವರು. ಕರೆಸಿಕೊಳ್ಳುವವರನ್ನು ಒಮ್ಮೆ ಕೇಳಿ ನೋಡಿ.

‘ಕೃಷ್ಣಸುಂದರಿ’, ‘ಡಸ್ಕಿ ಬ್ಯೂಟಿ’ ಅಂದರೆ ಹೊಗಳಿಕೆಯೇ ತಾನೇ?

ಯಾರು ಹೇಳುತ್ತಾರೆ, ಯಾವ ದನಿಯಲ್ಲಿ ಅನ್ನುವುದನ್ನು ನೋಡಬೇಕು. ಕತೆಗಳಲ್ಲಿ ಇದು ನಿಜವಾದ ಹೊಗಳಿಕೆ. ದ್ರೌಪದಿಗೆ ಕೃಷ್ಣೆ ಅಂತಲೇ ಹೆಸರು, ಕಪ್ಪು ಚೆಲುವೆ. ಹರಿಯನ್ನು ಮೇಘಶ್ಯಾಮ ಅಂತ ಹಾಡುವಾಗ ಯಾರೂ ‘ಪಾಪ’ ಅನ್ನುವುದಿಲ್ಲ. ಆದರೆ ಕಾಲೇಜಿನ ಕಾರಿಡಾರಿನಲ್ಲಿ ‘ಏನ್ರೀ ಕೃಷ್ಣಸುಂದರಿ’ ಅಂತ ಕೂಗಿದರೆ ಅದು ಚುಚ್ಚುಮಾತು. ಸಿನಿಮಾ ಪುಟಗಳ ‘ಡಸ್ಕಿ’ ಕೂಡ ಸಾಮಾನ್ಯವಾಗಿ ಗೋಧಿ ಬಣ್ಣದ ನಟಿಯರಿಗೇ ಸಲ್ಲುತ್ತದೆ. ಅದಕ್ಕಿಂತ ಗಾಢ ಇದ್ದವರಿಗೆ ನಾಯಕಿ ಪಾತ್ರವೇ ಸಿಗುವುದು ಕಷ್ಟ.

ನನಗೆ ಜಾಸ್ತಿ ಇರಿಸುಮುರಿಸಾಗುವುದು ‘ಕಪ್ಪಗಿದ್ರೂ ಲಕ್ಷಣವಾಗಿದ್ದಾಳೆ’ ಅನ್ನುವ ಮಾತು. ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ, ಪ್ರೀತಿಯಿಂದಲೇ ಹೇಳುತ್ತಾರೆ. ತೊಂದರೆ ಇರುವುದು ಆ ‘ರೂ’ನಲ್ಲಿ. ಅದನ್ನು ತೆಗೆದು ‘ಕಪ್ಪಗೆ, ಲಕ್ಷಣವಾಗಿದ್ದಾಳೆ’ ಅಂತ ಹೇಳಿ ನೋಡಿ.

‘ಫೇರ್’ ಅನ್ನುವ ಪದ ಕ್ರೀಮಿನ ಹೆಸರಿನಿಂದ ಹೋದದ್ದು ಯಾವಾಗ?

‘ಫೇರ್ ಆ್ಯಂಡ್ ಲವ್ಲಿ’ ಬಂದದ್ದು 1975ರಲ್ಲಿ. ಹಳ್ಳಿಯ ಪೆಟ್ಟಿಗೆ ಅಂಗಡಿಯಲ್ಲೂ ಅದರ ಸಣ್ಣ ಪ್ಯಾಕೆಟ್ ತೂಗುತ್ತಿತ್ತು. ನಮ್ಮ ಮಾತಿನಲ್ಲಿ ‘ಕೆಂಪಗಿದ್ದಾಳೆ’ ಹೋಗಿ ‘ಫೇರ್ ಇದ್ದಾಳೆ’ ಬಂದದ್ದರಲ್ಲಿ ಆ ಪ್ಯಾಕೆಟ್ಟಿನ ಪಾಲು ಸಣ್ಣದಲ್ಲ ಅಂತ ನನ್ನ ಅಂದಾಜು.

ವಿರೋಧ ನಿಧಾನವಾಗಿ ಬೆಳೆಯಿತು. 2009ರಲ್ಲಿ ಚೆನ್ನೈನಿಂದ ‘ಡಾರ್ಕ್ ಈಸ್ ಬ್ಯೂಟಿಫುಲ್’ ಅಭಿಯಾನ ಶುರುವಾಯಿತು, ನಟಿ ನಂದಿತಾ ದಾಸ್ ಅದಕ್ಕೆ ದನಿಗೂಡಿಸಿದರು. ಕಪ್ಪಗಿರುವವರು ಸೋತವರು, ದುಃಖದಲ್ಲಿರುವವರು ಅಂತ ತೋರಿಸಬಾರದು ಅನ್ನುವ ನಿಯಮವನ್ನು ಜಾಹೀರಾತು ಮಾನದಂಡ ಮಂಡಳಿ 2014ರಲ್ಲಿ ತಂದಿತು. ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್ ಅನ್ನುವ ಕಪ್ಪು ಮನುಷ್ಯ ಪೊಲೀಸರ ಕೈಯಲ್ಲಿ ಸತ್ತ ನಂತರ ಎದ್ದ ಪ್ರತಿಭಟನೆಯ ಬಿಸಿ ಇಲ್ಲಿಗೂ ತಟ್ಟಿತು. 2020ರ ಜೂನ್‌ನಲ್ಲಿ ಶಾದಿ ಡಾಟ್ ಕಾಮ್ ಮೈಬಣ್ಣ ನೋಡಿ ಹುಡುಕುವ ಸೌಲಭ್ಯವನ್ನು ತೆಗೆಯಿತು. ಅದೇ ತಿಂಗಳು ಹಿಂದೂಸ್ತಾನ್ ಯುನಿಲಿವರ್ ‘ಫೇರ್’ ಪದ ಬಿಡುವುದಾಗಿ ಹೇಳಿತು, ಜುಲೈನಲ್ಲಿ ‘ಗ್ಲೋ ಆ್ಯಂಡ್ ಲವ್ಲಿ’ ಬಂತು. ಗಂಡಸರ ಕ್ರೀಮಿಗೆ ‘ಗ್ಲೋ ಆ್ಯಂಡ್ ಹ್ಯಾಂಡ್‌ಸಮ್’ ಅನ್ನುವ ಹೆಸರು ಯಾರದ್ದು ಅಂತ ಅದಕ್ಕೂ ಇಮಾಮಿಗೂ ಕೋರ್ಟಿನಲ್ಲಿ ಜಗಳವೂ ಆಯಿತು.

ಈಗ ಅಂಗಡಿಗಳಲ್ಲಿ ಗ್ಲೋ, ಬ್ರೈಟ್, ರೇಡಿಯನ್ಸ್ ಅನ್ನುವ ಹೆಸರುಗಳೇ. ಕೊಳ್ಳುವವರು ಏನು ಅರ್ಥ ಮಾಡಿಕೊಳ್ಳುತ್ತಾರೆ ಅಂತ ಮಾರುವವರಿಗೂ ಗೊತ್ತು.

‘ನ್ಯೂಡ್’ ಬಣ್ಣ ಅಂತಾರಲ್ಲ, ಅದು?

‘ಸ್ಕಿನ್ ಕಲರ್’ನ ಫ್ಯಾಷನ್ ಹೆಸರು. ಮೆರಿಯಮ್ ವೆಬ್‌ಸ್ಟರ್ ನಿಘಂಟಿನಲ್ಲಿ ಇದಕ್ಕೆ ಬಿಳಿಯರ ಮೈಬಣ್ಣ ಅಂತಲೇ ಅರ್ಥ ಕೊಟ್ಟಿದ್ದರು. ಓದುಗರು ಆಕ್ಷೇಪ ಎತ್ತಿದ ಮೇಲೆ 2015ರಲ್ಲಿ ಅದನ್ನು ತೊಟ್ಟವರ ಮೈಗೆ ಹೊಂದುವ ಬಣ್ಣ ಅನ್ನುವ ಅರ್ಥಕ್ಕೆ ತಿದ್ದಿದರು.

ಬ್ಯಾಲೆ ನರ್ತಕಿಯರ ಪಾಡು ಕೇಳಿ. ಶೂ ಕಾಲಿನ ಬಣ್ಣಕ್ಕೆ ಹೊಂದಬೇಕು ಅಂತ ರೂಢಿ, ಅಂಗಡಿಯಲ್ಲಿ ಸಿಗುತ್ತಿದ್ದದ್ದು ಹೆಚ್ಚಾಗಿ ತಿಳಿ ಗುಲಾಬಿ. ಕಪ್ಪು ನರ್ತಕಿಯರು ಮುಖದ ಫೌಂಡೇಶನ್ನನ್ನೇ ಸ್ಪಂಜಿನಲ್ಲಿ ಅದ್ದಿ ಪ್ರತಿ ಜೋಡಿಗೂ ಬಳಿಯುತ್ತಿದ್ದರು. ಲಂಡನ್ನಿನ ಫ್ರೀಡ್ ಕಂಪನಿ ಕಂಚು ಮತ್ತು ಕಂದು ಬಣ್ಣದ ಶೂ ತಂದದ್ದು 2018ರಲ್ಲಿ. ಬ್ಯಾಂಡೇಡ್ 1920ರಲ್ಲಿ ಹುಟ್ಟಿತು. ಬೇರೆ ಬೇರೆ ಮೈಬಣ್ಣಕ್ಕೆ ಹೊಂದುವ ಪಟ್ಟಿಗಳನ್ನು ತರುತ್ತೇವೆ ಅಂತ ಕಂಪನಿ ಘೋಷಿಸಿದ್ದು 2020ರಲ್ಲಿ.

ಹೆಸರೇ ಬೇಡ, ನಂಬರ್ ಕೊಟ್ಟರೆ ಸಾಕಲ್ವಾ?

ಕೆಲವು ಕಡೆ ಸಾಕು. ಗಾಯಕಿ ರಿಯಾನ ಅವರ ‘ಫೆಂಟಿ ಬ್ಯೂಟಿ’ 2017ರಲ್ಲಿ 40 ಛಾಯೆಯ ಫೌಂಡೇಶನ್ ತಂದಾಗ ಎಲ್ಲಕ್ಕೂ ನಂಬರೇ ಇದ್ದದ್ದು. ಬೇರೆ ಕಂಪನಿಗಳಲ್ಲಿ ತಿಳಿ ಬಣ್ಣಕ್ಕೆ ಪಿಂಗಾಣಿ, ದಂತ ಅನ್ನುವ ಹೆಸರು. ಗಾಢ ಬಣ್ಣಕ್ಕೆ ಚಾಕಲೇಟ್, ಕ್ಯಾರಮೆಲ್, ಮೋಕಾ. ಒಬ್ಬರು ಷೋಕೇಸಿಗೆ, ಇನ್ನೊಬ್ಬರು ತಿಂಡಿ ಕೌಂಟರಿಗೆ. ನಂಬರಿನಲ್ಲಿ ಈ ರಗಳೆ ಇಲ್ಲ.

ನಂಬರಿಗೂ ಒಂದು ಚರಿತ್ರೆ ಇದೆ. ಚರ್ಮವೈದ್ಯರು ಬಳಸುವ ಆರು ಮೆಟ್ಟಿಲಿನ ಪಟ್ಟಿ ಹಾರ್ವರ್ಡಿನ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ಮಾಡಿದ್ದು. ಬೆಳಕಿನ ಚಿಕಿತ್ಸೆ ಕೊಡುವಾಗ ಯಾರ ಚರ್ಮ ಎಷ್ಟು ಸುಡುತ್ತದೆ ಅಂತ ತಿಳಿಯುವುದು ಉದ್ದೇಶ. ಮೊದಲು ಇದ್ದದ್ದು ನಾಲ್ಕೇ ಮೆಟ್ಟಿಲು. ಕಂದು ಮತ್ತು ಕಪ್ಪು ಚರ್ಮಕ್ಕೆ ಐದು, ಆರನೆಯದನ್ನು ಆಮೇಲೆ ಸೇರಿಸಿದರು. 2015ರಲ್ಲಿ ಮೊಬೈಲಿನ ಇಮೋಜಿಗೆ ಬಂದ ಐದು ಮೈಬಣ್ಣಗಳೂ ಇದೇ ಪಟ್ಟಿಯಿಂದ ಬಂದವು, ಮೊದಲ ಎರಡನ್ನು ಸೇರಿಸಿ ಒಂದು ಮಾಡಿದರು. 2022ರಲ್ಲಿ ಸಮಾಜಶಾಸ್ತ್ರಜ್ಞ ಎಲ್ಲಿಸ್ ಮಾಂಕ್ ಜೊತೆ ಸೇರಿ ಗೂಗಲ್ 10 ಛಾಯೆಗಳ ಪಟ್ಟಿಯೊಂದನ್ನು ಹೊರತಂದಿತು. ಕ್ಯಾಮೆರಾಗಳು, ಕಂಪ್ಯೂಟರ್‌ಗಳು ಗಾಢ ಬಣ್ಣದ ಮುಖಗಳನ್ನೂ ಸರಿಯಾಗಿ ಗುರುತಿಸುತ್ತವೆಯೇ ಅಂತ ಪರೀಕ್ಷಿಸಲು ಅದು ಬೇಕಿತ್ತು.

ಜನರೇ ತಮ್ಮ ಬಣ್ಣಕ್ಕೆ ಹೆಸರಿಟ್ಟುಕೊಂಡರೆ?

ಬ್ರೆಜಿಲ್‌ನಲ್ಲಿ ಹಾಗೆ ಮಾಡಿ ನೋಡಿದ್ದಾರೆ. 1976ರ ಮನೆ ಮನೆ ಸಮೀಕ್ಷೆಯಲ್ಲಿ ನಿಮ್ಮ ಬಣ್ಣ ಯಾವುದು ಅಂತ ಕೇಳಿ, ಅವರು ಹೇಳಿದ್ದನ್ನೇ ಬರೆದುಕೊಂಡರು. 130ಕ್ಕೂ ಹೆಚ್ಚು ಹೆಸರು ಬಂದವು. ಹಾಲು ಹಾಕಿದ ಕಾಫಿ, ದಾಲ್ಚಿನ್ನಿ, ಗೋಧಿ ಕೂಡ ಇತ್ತು! ಒಬ್ಬರಂತೂ ‘ಓಡಿಹೋಗುವ ಕತ್ತೆಯ ಬಣ್ಣ’ ಅಂದರು. ಯಾವ ಬಣ್ಣ ಅಂತ ಹೇಳಲಾಗದ್ದಕ್ಕೆ ಅಲ್ಲಿ ಬಳಸುವ ಮಾತು ಅದು.

ಇದೆಲ್ಲ ಜಾಸ್ತಿ ಆಯ್ತು ಅನಿಸಲ್ವಾ? ನಾವೆಲ್ಲ ‘ಸ್ಕಿನ್ ಕಲರ್’ ಹಚ್ಚಿಯೇ ದೊಡ್ಡವರಾದೆವಲ್ಲ?

ಆದೆವು. ಮದುವೆಗೆ ಹುಡುಗಿ ನೋಡಲು ಹೋದಾಗ ಮೊದಲು ಕೈ ನೋಡುವವರಾಗಿಯೂ ಆದೆವು.

ಅಜ್ಜಿ ‘ಬಿಸಿಲಿಗೆ ಹೋಗಬೇಡ, ಕಪ್ಪಗಾಗ್ತೀಯ’ ಅಂತಾರೆ. ಮಗುವಿನ ಎದುರು ಏನು ಹೇಳಲಿ?

ಅಜ್ಜಿಯ ಜೊತೆ ವಾದಕ್ಕೆ ಇಳಿಯಬೇಡಿ. ‘ಬಿಸಿಲು ಜೋರಿದೆ, ತಲೆನೋವು ಬರುತ್ತೆ, ಟೋಪಿ ಹಾಕ್ಕೊಂಡು ಹೋಗು’ ಅಂತ ನೀವೇ ಮುಂದೆ ಬಂದು ಹೇಳಿ. ಕಾರಣ ಬದಲಾದರೆ ಸಾಕು.

ಹಾಗಾದರೆ ಚಿತ್ರದಲ್ಲಿ ಮೈಗೆ ಯಾವ ಬಣ್ಣ ಹಚ್ಚಲಿ?

ಕಲಸಿಕೊಳ್ಳಿ. ಇದು ನಿಜಕ್ಕೂ ಸುಲಭ. ಎಷ್ಟೇ ಬೆಳ್ಳಗಿರಲಿ, ಎಷ್ಟೇ ಕಪ್ಪಗಿರಲಿ, ಮನುಷ್ಯರ ಮೈಬಣ್ಣದ ಬೇರು ಕಿತ್ತಳೆಯಲ್ಲೇ ಇರುತ್ತದೆ. ತಿಳಿ, ಗಾಢ, ಮಂಕು, ಹೊಳಪು ಅನ್ನುವುದಷ್ಟೇ ಬೇರೆ.

ಪೋಸ್ಟರ್ ಕಲರ್ ಇದ್ದರೆ ಹಳದಿ ಎರಡು ಪಾಲು, ಕೆಂಪು ಒಂದು ಪಾಲು ಕಲಸಿ ಕಿತ್ತಳೆ ಮಾಡಿ. ಅದಕ್ಕೆ ಬ್ರಷ್ಷಿನ ತುದಿಯಲ್ಲಿ ಬರುವಷ್ಟು ನೀಲಿ ಹಾಕಿ. ಕಂದು ಬರುತ್ತದೆ. ಅಲ್ಲಿಂದ ಬೇಕಾದ ಕಡೆ ಹೋಗಬಹುದು. ಬಿಳಿ ಹಾಕಿದರೆ ಗೋಧಿ, ಇನ್ನಷ್ಟು ಕೆಂಪು ಹಾಕಿದರೆ ಎಣ್ಣೆಗೆಂಪು, ನೀಲಿ ಮತ್ತು ಚೂರು ಕೆಂಪು ಹಾಕಿದರೆ ಎಣ್ಣೆಗಪ್ಪು. ಯೆಲ್ಲೋ ಓಕರ್, ಬರ್ನ್ಟ್ ಸಿಯೆನಾ ಟ್ಯೂಬ್ ಸಿಕ್ಕಿದರೆ ಇನ್ನೂ ಸಲೀಸು. ಕಲಸಿದ್ದನ್ನು ಹಾಳೆಗೆ ಹಚ್ಚುವ ಮೊದಲು ಒಣಗಲು ಬಿಟ್ಟು ಕೈ ಪಕ್ಕ ಇಟ್ಟು ನೋಡಿ. ಪೋಸ್ಟರ್ ಕಲರ್ ಒಣಗಿದ ಮೇಲೆ ಸ್ವಲ್ಪ ಬೇರೆ ಕಾಣುತ್ತದೆ.

ಬಂದ ಬಣ್ಣಕ್ಕೆ ಮಕ್ಕಳೇ ಹೆಸರಿಡಲಿ. ನಮ್ಮ ಸೀರೆ ಅಂಗಡಿಗಳಲ್ಲಿ ಕಂದಿಗೆ ಎಷ್ಟು ಹೆಸರಿವೆ ನೋಡಿ: ಕಾಫಿಪುಡಿ, ನಶ್ಯ, ಇಟ್ಟಿಗೆ, ಜೇನು, ಈರುಳ್ಳಿ ಸಿಪ್ಪೆ. ನನ್ನ ಕ್ಲಾಸಿನಲ್ಲಿ ಈಗ ಚಾಲ್ತಿಯಲ್ಲಿರುವವು ‘ಅಚ್ಚುಬೆಲ್ಲ’, ‘ಹುಣಸೆಹಣ್ಣು’, ‘ಬಿಸಿ ಹಾರ್ಲಿಕ್ಸ್’. ತಿಂಡಿ ಹೆಸರಿನ ಬಗ್ಗೆ ಮೇಲೆ ತಕರಾರು ತೆಗೆದವಳು ನಾನೇ. ಆದರೆ ಇಲ್ಲಿ ಹೆಸರಿಟ್ಟುಕೊಂಡದ್ದು ಅವರವರ ಕೈಗೆ ಅವರವರೇ, ತಿಳಿಗೂ ಗಾಢಕ್ಕೂ ಒಂದೇ ಅಡುಗೆಮನೆಯಿಂದ.

ಕಪ್ಪು ಟ್ಯೂಬನ್ನು ಮಾತ್ರ ಮುಚ್ಚಿ ಪಕ್ಕಕ್ಕಿಡಿ. ಗಾಢ ಮಾಡಬೇಕು ಅಂತ ಅದನ್ನು ಹಾಕಿದರೆ ಹಳದಿಯ ಜೊತೆ ಸೇರಿ ಹಸಿರು ಹೊಡೆಯುತ್ತದೆ, ಇಲ್ಲವೇ ಬೂದಿಯಾಗುತ್ತದೆ. ಗಾಢಕ್ಕೆ ನೀಲಿಯೇ ಸರಿ. ಕಪ್ಪು ಬೇಕಾಗುವುದು ಕೂದಲಿಗೆ, ಅದಕ್ಕೂ ಚೂರು ಕಂದು ಬೆರೆಸಿ.